ಒಂದು ದಿನ ಕೈಯಲ್ಲಿಟ್ಟುಕೊಂಡು ಹೊರಡಿ

ಮಗಳೇ,

ನೀನು ಕೊಟ್ಟುಹೋದ ನಕ್ಷೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಎರಡು ಸಂಜೆ ನೋಡಿದೆ. ಅಕ್ಟೋಬರ್ ಕೊನೆಯ ವಾರ, ನೀವು ನಾಲ್ವರು, ಎರಡು ಕ್ಯಾನೂ. ಶುಕ್ರವಾರ ನಸುಕಿಗೆ ಟೊರಾಂಟೊ ಬಿಟ್ಟು ಅಲ್ಗಾಂಕ್ವಿನ್ ಪಾರ್ಕು. ಒಪಿಯಾಂಗೊ ಸರೋವರದ ಉದ್ದಕ್ಕೂ ಹುಟ್ಟುಹಾಕಿ, ಅದರ ಉತ್ತರದ ತುದಿಯಿಂದ ಕ್ಯಾನೂ ಹೊತ್ತು ನಡೆದು, ಹ್ಯಾಪಿ ಐಲ್ ಸರೋವರದಲ್ಲಿ ಎರಡು ರಾತ್ರಿ. ಭಾನುವಾರ ರಾತ್ರಿ ಮನೆ. ‘ಹೇಗಿದೆ ಅತ್ತೆ?’ ಅಂತ ಕೇಳಿದ್ದೆ. ನಾನು ಬೇಡ ಅನ್ನಲಿ ಅಂತ ನಿನ್ನಪ್ಪ ಕಾಯುತ್ತಿದ್ದಾನೆ, ಗೊತ್ತು. ನಾನು ಹಾಗೆ ಅನ್ನುವವಳಲ್ಲ. ಹೋಗಿ ಬನ್ನಿ. ಈ ದಾರಿಯಲ್ಲಿ ಮಾತ್ರ ಬೇಡ, ಈ ಲೆಕ್ಕದಲ್ಲಂತೂ ಬೇಡವೇ ಬೇಡ.

ಆ ಹೊತ್ತಿನ ಕಾಡನ್ನು ನೀನು ನೋಡಬೇಕು ಅಂತ ನನಗೇ ಆಸೆ. ಮೇಪಲ್ ಕೆಂಪು ನೋಡಲು ಬಂದ ಜನವೆಲ್ಲ ಅಷ್ಟರಲ್ಲಿ ಹೋಗಿಯಾಗಿರುತ್ತದೆ, ಎಲೆಯೂ ಉದುರಿರುತ್ತದೆ. ಆಗ ಜೌಗಿನ ಅಂಚಿನಲ್ಲಿ ಟ್ಯಾಮರಾಕ್ ಮರಗಳು ಹಳದಿಗೆ ತಿರುಗುತ್ತವೆ. ನೋಡಲು ಪೈನಿನ ಜಾತಿ, ಆದರೆ ಚಳಿಗೆ ಮುಂಚೆ ಸೂಜಿಯೆಲೆಗಳನ್ನೆಲ್ಲ ಉದುರಿಸುವ ಮರ. ಸೊಳ್ಳೆಯಿಲ್ಲ, ಕರಿನೊಣವಿಲ್ಲ. ಲೂನ್ ಹಕ್ಕಿಗಳು ದಕ್ಷಿಣಕ್ಕೆ ಹೊರಡುವ ಸಮಯ. ಹೋಗದೆ ಉಳಿಯುವ ಬೂದುಬಣ್ಣದ ಕೆನಡಾ ಜೇ ಮಾತ್ರ ನಿಮ್ಮ ಟೆಂಟಿನ ಹತ್ತಿರ ಬಂದು ಕೂರುತ್ತದೆ. ಚಳಿಗಾಲಕ್ಕೆಂದು ತೊಗಟೆಯ ಸಂದಿಯಲ್ಲಿ ತಿನಿಸು ಬಚ್ಚಿಡುವ ಹಕ್ಕಿ ಅದು. ಬೆಳಿಗ್ಗೆ ನೀರಿನ ಮೇಲೆ ಹಬೆ ಏಳುತ್ತಿರುವಾಗ ಹುಟ್ಟಿನಿಂದ ತೊಟ್ಟಿಕ್ಕುವ ಹನಿಯ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಮೂವತ್ತು ವರ್ಷ ಈ ದೇಶದಲ್ಲಿದ್ದು ನಾನು ಕಂಡ ಅತಿ ಚೆಂದದ ಬೆಳಗುಗಳು ಅವೇ.

ಈಗ ನೀರಿನ ಮಾತು. ಆ ವಾರ ಬಿಸಿಲಿದ್ದರೆ ಮಧ್ಯಾಹ್ನ ಅಂಗಿಯಲ್ಲೇ ಕೂರುವ ಹಾಗಿರುತ್ತದೆ. ಅದನ್ನು ನಂಬಬೇಡಿ. ನೀರು ಹತ್ತು ಡಿಗ್ರಿಯ ಆಸುಪಾಸು, ಒಮ್ಮೊಮ್ಮೆ ಅದಕ್ಕೂ ಕೆಳಗೆ ಇರುತ್ತದೆ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ತಣ್ಣೀರಿನಲ್ಲಿ ಮನುಷ್ಯನ ಮೈ ಏನಾಗುತ್ತದೆ ಎಂದು ತಾನೇ ಇಳಿದು ನೋಡಿದವರು. 1-10-1 ಅನ್ನುವುದು ಅವರ ಲೆಕ್ಕ. ಬಿದ್ದ ಮೊದಲ 1 ನಿಮಿಷ ಉಸಿರು ನಮ್ಮ ಮಾತು ಕೇಳುವುದಿಲ್ಲ, ತಾನಾಗಿ ಏದುತ್ತದೆ. ಬಾಯಿ ನೀರಿನೊಳಗಿದ್ದರೆ ಅಲ್ಲಿಗೇ ಮುಗಿಯಿತು. ಆಮೇಲಿನ 10 ನಿಮಿಷ ಕೈಕಾಲು ಉಪಯೋಗಕ್ಕೆ ಬರುತ್ತವೆ. ಮೈ ಆರಿ ಎಚ್ಚರ ತಪ್ಪಲು 1 ಗಂಟೆ ಬೇಕು. ಆ ಒಂದು ಗಂಟೆ ಸಿಗುವುದು ಲೈಫ್ ಜಾಕೆಟ್ ತೊಟ್ಟವರಿಗೆ. ತೊಡದವರು ಚಳಿಗೆ ಸಾಯುವ ಮೊದಲೇ ಮುಳುಗುತ್ತಾರೆ. ಇಲ್ಲಿನ ಕಾನೂನು ತಲೆಗೊಂದು ಜಾಕೆಟ್ ದೋಣಿಯಲ್ಲಿರಬೇಕು ಅನ್ನುತ್ತದೆ. ನಾನು ಹೇಳುವುದು, ಅದು ಮೈಮೇಲಿರಬೇಕು, ಬಕಲ್ ಹಾಕಿರಬೇಕು, ದಡದಿಂದ ದಡದವರೆಗೆ.

ಇದನ್ನು ನಾನು ಓದಿ ಕಲಿತದ್ದಲ್ಲ. ಹನ್ನೆರಡು ವರ್ಷದ ಹಿಂದೆ, ಇದೇ ಒಪಿಯಾಂಗೊದಲ್ಲಿ, ಅಕ್ಟೋಬರಿನಲ್ಲೇ. ಪಾರ್ಕಿನಲ್ಲೇ ದೊಡ್ಡ ಸರೋವರ ಅದು. ಗಾಳಿಗೆ ಓಡಲು ಉದ್ದದ ಬಯಲಿದೆ. ಭಾನುವಾರ ಬೆಳಿಗ್ಗೆ ಎದ್ದಾಗ ವಾಯುವ್ಯದ ಗಾಳಿ, ನೀರಿನ ತುಂಬ ಬಿಳಿನೊರೆ. ನನಗೂ ಗೆಳತಿಗೂ ಸೋಮವಾರ ಕೆಲಸವಿತ್ತು. ಗಾಳಿ ಬೆನ್ನ ಹಿಂದಿನಿಂದ ಬರುತ್ತಿದೆ, ತಳ್ಳಿಕೊಂಡು ಹೋಗುತ್ತದೆ ಅಂದುಕೊಂಡು ದೋಣಿ ನೀರಿಗಿಳಿಸಿದೆವು. ಹಿಂದಿನಿಂದ ಬಂದ ಅಲೆ ದೋಣಿಯನ್ನು ಅಡ್ಡ ತಿರುಗಿಸಿತು, ಮುಂದಿನದು ತುಂಬಿಸಿತು. ದಡ ನಲವತ್ತು ಅಡಿಯಿತ್ತು, ಅದಕ್ಕೆ ಬದುಕಿದೆವು. ಬಂಡೆ ಹತ್ತಿದ ಮೇಲೆ ಒಣಬಟ್ಟೆಯ ಚೀಲದ ಬಕಲ್ ಒತ್ತಲು ನನ್ನ ಬೆರಳಿಗೆ ಆಗಲಿಲ್ಲ. ಬೆರಳು ಕಣ್ಣಿಗೆ ಕಾಣುತ್ತಿತ್ತು, ನನ್ನದು ಅನ್ನಿಸುತ್ತಿರಲಿಲ್ಲ. ಕೊನೆಗೆ ಗೆಳತಿ ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಬಿದ್ದಿದ್ದ ಬರ್ಚ್ ಮರದ ತೊಗಟೆ, ಹಸಿಯಾಗಿದ್ದರೂ ಹೊತ್ತಿಕೊಳ್ಳುವ ಅದರ ಎಣ್ಣೆ ಗುಣ, ಅವಳ ಜೇಬಿನಲ್ಲಿದ್ದ ಲೈಟರ್, ಇಷ್ಟರಿಂದ ಬೆಂಕಿಯಾಯಿತು.

ಆಮೇಲೆ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಗಾಳಿಯ ಮೇಲೆ ನನಗೆ ಸಿಟ್ಟಿಲ್ಲ. ಸೋಮವಾರ ತಲುಪಲೇಬೇಕು ಎಂಬ ಲೆಕ್ಕ ಹಾಕಿ ಹೊರಟೆನಲ್ಲ, ತಪ್ಪಾದದ್ದು ಅಲ್ಲಿ. ನಮ್ಮ ಕಡೆ ಶರಾವತಿ ಹಿನ್ನೀರಿನಾಚೆ ನೆಂಟರ ಮನೆಗೆ ಹೋದಾಗ ಸಂಜೆ ಗಾಳಿ ಎದ್ದರೆ ಅಜ್ಜ ದೋಣಿ ಬಿಡುತ್ತಿರಲಿಲ್ಲ. ಬೆಳಿಗ್ಗೆ ಹಾಲು ಕರೆಯುವ ಕೆಲಸವಿದ್ದರೂ ಅಲ್ಲೇ ಉಂಡು, ಅಲ್ಲೇ ಮಲಗಿ, ಬೆಳಗಿನ ಶಾಂತ ನೀರಿನಲ್ಲಿ ದಾಟಿಸಿಕೊಂಡು ಬರುತ್ತಿದ್ದರು. ಅದೇ ಮನೆಯಲ್ಲಿ ಬೆಳೆದವಳು ನಾನು, ಇಲ್ಲಿ ಬಂದು ಅದನ್ನು ಮರೆತಿದ್ದೆ.

ಹಾಗಾಗಿ ನಿಮ್ಮ ಯೋಜನೆಯನ್ನು ಹೀಗೆ ತಿದ್ದಿದ್ದೇನೆ. ಒಪಿಯಾಂಗೊ ಬಿಡಿ. ಆ ಉದ್ದದ ನೀರು, ಅದರ ಮೇಲೆ ಎರಡು ಕಿಲೋಮೀಟರ್ ದಾಟುವ ಪೋರ್ಟೇಜ್ (ಕ್ಯಾನೂ ಹೊತ್ತು ನಡೆಯುವ ದಾರಿ), ಎರಡೂ ಜುಲೈಗೆ ಸರಿ. ಕ್ಯಾನೂ ಲೇಕಿನಿಂದ ಹೊರಡಿ. ಅಲ್ಲಿಂದ ಜೋ ಲೇಕಿಗೆ ಮುನ್ನೂರು ಮೀಟರಿನೊಳಗಿನ ಪೋರ್ಟೇಜ್, ಆಮೇಲೆ ಟೀಪಿ ಲೇಕು. ಸಣ್ಣ ಸರೋವರಗಳು, ದಡ ಯಾವಾಗಲೂ ಹತ್ತಿರ. ನೀರಿನ ನಡುವೆ ಹೋಗದೆ ದಡದ ಗುಂಟವೇ ಸಾಗಿ, ದೂರ ಹೆಚ್ಚಾದರೂ ಸರಿ. ದಿನಕ್ಕೊಂದು ಜಾಗ ಬದಲಿಸದೆ ಒಂದೇ ಕಡೆ ಟೆಂಟ್ ಹಾಕಿ ಎರಡೂ ರಾತ್ರಿ ಅಲ್ಲೇ ಕಳೆಯಿರಿ. ಕ್ಯಾನೂ ಲೇಕಿನಲ್ಲಿ ಟಾಮ್ ಥಾಮ್ಸನ್ ಎಂಬ ದೊಡ್ಡ ಚಿತ್ರಕಾರರ ನೆನಪಿಗೆ 1930ರಲ್ಲಿ ಕಟ್ಟಿದ ಕಲ್ಲಿನ ಸ್ಮಾರಕವಿದೆ. ಆ ನೀರನ್ನು ಬಲ್ಲ ಮನುಷ್ಯ ಅವರು. 1917ರ ಜುಲೈನಲ್ಲಿ ಒಬ್ಬರೇ ಕ್ಯಾನೂ ಹತ್ತಿ ಹೋದವರು ಎಂಟು ದಿನದ ಮೇಲೆ ಶವವಾಗಿ ಸಿಕ್ಕರು, ಅದೂ ಬೇಸಿಗೆಯಲ್ಲಿ. ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗಿ.

ಮುಖ್ಯವಾದದ್ದು ರಜೆ. ಭಾನುವಾರ ಬರುವ ಯೋಜನೆಗೆ ಸೋಮವಾರವೂ ರಜೆ ಹಾಕಿ, ನಾಲ್ವರೂ. ಒಬ್ಬರಿಗೆ ಸಿಗದಿದ್ದರೂ ಪ್ರವಾಸವನ್ನೇ ಮುಂದಿನ ವರ್ಷಕ್ಕೆ ಹಾಕಿ, ಯಾಕೆಂದರೆ ಆ ಒಬ್ಬರ ಅವಸರ ನಾಲ್ವರನ್ನೂ ನೀರಿಗಿಳಿಸುತ್ತದೆ. ಆ ದಿನಕ್ಕೆ ಬೇಕಾದ ಊಟ, ಸ್ಟೋವಿನ ಇಂಧನ, ಯಾರಾದರೂ ಗುಳಿಗೆ ನುಂಗುವವರಿದ್ದರೆ ಅದೂ ಸೇರಿ ಚೀಲದಲ್ಲಿರಲಿ. ಭಾನುವಾರ ನೊರೆ ಕಂಡರೆ ಇನ್ನೊಂದು ಪಾತ್ರೆ ಚಹಾ ಇಡಿ, ದೋಣಿ ಮಗುಚಿಡಿ.

ಹೊತ್ತಿನ ಲೆಕ್ಕವನ್ನೂ ನೀನು ಬೇಸಿಗೆಯದನ್ನೇ ಹಾಕಿದ್ದೀಯ. ಆ ವಾರ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ನವೆಂಬರಿನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲಂತೂ ಐದಕ್ಕೂ ಮೊದಲೇ. ಮೂರು ಗಂಟೆಗೆ ಟೆಂಟ್ ನಿಂತಿರಬೇಕು. ಕತ್ತಲಲ್ಲಿ ಸೌದೆ ಹುಡುಕುವವರ ಕಾಲು ಜಾರುವುದೇ ಹೆಚ್ಚು.

ಬಟ್ಟೆಯಲ್ಲಿ ಹತ್ತಿ ಬೇಡ, ಜೀನ್ಸಂತೂ ಮನೆಯಲ್ಲೇ ಇರಲಿ. ಹತ್ತಿ ನೆನೆದರೆ ಮೈಯ ಬಿಸಿಯನ್ನು ಹೀರುತ್ತದೆ. ಊರಲ್ಲಿ ಆಷಾಢದ ಮಳೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುತ್ತಿದ್ದವರನ್ನು ನೀನು ನೋಡಿಲ್ಲ. ನೀರು ಸುರಿಯುತ್ತಿದ್ದರೂ ಒಳಗೆ ಬೆಚ್ಚಗಿರುತ್ತಿತ್ತು. ಉಣ್ಣೆಯ ಗುಣ ಅದು. ಒಳಗೊಂದು ಉಣ್ಣೆಯ ಪದರ, ಮೇಲೆ ಗಾಳಿಮಳೆ ತಡೆಯುವ ಜಾಕೆಟ್. ಮಲಗುವ ಬಟ್ಟೆ ಬೇರೆಯೇ ಇರಲಿ, ಡ್ರೈ ಬ್ಯಾಗಿನಲ್ಲಿ, ಹಗಲು ಎಷ್ಟೇ ಚಳಿಯಾದರೂ ಅದನ್ನು ಮುಟ್ಟಬಾರದು. ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಅಂಕಿ ಬರೆದಿರುತ್ತಾರೆ. ‘ಕಂಫರ್ಟ್’ ಎಂದಿರುವುದನ್ನು ನಂಬಿ, ‘ಲಿಮಿಟ್’ ಎಂದಿರುವುದನ್ನು ಬಿಡಿ. ಅಡಿಯಲ್ಲಿ ಹಾಸುವ ಮ್ಯಾಟೂ ಅಷ್ಟೇ ಮುಖ್ಯ, ನೆಲ ಕೆಳಗಿನಿಂದ ಚಳಿ ಹತ್ತಿಸುತ್ತದೆ. ಲೈಟರ್, ಸೀಟಿ, ಚಾಕು ಇವು ಚೀಲದಲ್ಲಿ ಬೇಡ, ಲೈಫ್ ಜಾಕೆಟಿನ ಜೇಬಿನಲ್ಲಿರಲಿ. ದೋಣಿ ಹೋದರೂ ಜೇಬು ನಿಮ್ಮ ಜೊತೆಗಿರುತ್ತದೆ.

ಸ್ಟೋವ್ ಬಗ್ಗೆ ಒಂದು ಮಾತು. ಗ್ಯಾಸ್ ಡಬ್ಬಿಯಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ರಾತ್ರಿ ಹಿಮ ಬಿದ್ದ ಬೆಳಿಗ್ಗೆ ಆ ಡಬ್ಬಿ ಕೈಕೊಡುತ್ತದೆ, ಕಾಫಿ ಬೇಕಾಗಿರುವುದೂ ಆಗಲೇ. ವೈಟ್ ಗ್ಯಾಸ್ ಎಂಬ ದ್ರವ ಇಂಧನದ ಸ್ಟೋವ್ ನನ್ನ ಹತ್ತಿರವಿದೆ, ಬಂದು ಒಯ್ಯಿ, ಮನೆಯಂಗಳದಲ್ಲಿ ಎರಡು ಸಲ ಹಚ್ಚಿ ಕಲಿತುಕೊಂಡು ಹೋಗು. ಒಳಗಿನ ಸರೋವರಗಳಿಗೆ ತಗಡಿನ ಡಬ್ಬಿಯ ಊಟ, ಗಾಜಿನ ಬಾಟಲಿ ಒಯ್ಯಲು ಪಾರ್ಕಿನವರು ಬಿಡುವುದಿಲ್ಲ. ನಮಗೇನು ಕಷ್ಟ? ಗೊಜ್ಜವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಪ್ಪ, ಬೆಲ್ಲ ಹಾಕಿದ ಅಂಟಿನುಂಡೆ ನಾನು ಮಾಡಿಕೊಡುತ್ತೇನೆ. ಚಳಿಯಲ್ಲಿ ತುಪ್ಪಕ್ಕೆ ಕೈ ಹಿಡಿಯಬೇಡಿ. ಮಲಗುವ ಮೊದಲು ಒಂದುಂಡೆ ತಿಂದರೆ ರಾತ್ರಿಯಿಡೀ ಮೈ ಬಿಸಿಯಿರುತ್ತದೆ. ಉಳಿದ ಊಟವನ್ನು ಟೆಂಟಿನಿಂದ ದೂರ, ಕರಡಿಗೆ ಎಟುಕದಂತೆ ನೆಲದಿಂದ ನಾಲ್ಕು ಮೀಟರ್ ಮೇಲೆ, ಕಾಂಡದಿಂದ ಎರಡು ಮೀಟರ್ ಆಚೆ ತೂಗುಹಾಕಿ.

ಒಳಗೆ ಫೋನ್ ಸಿಗ್ನಲ್ ನಂಬಬೇಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ ಬಾಡಿಗೆಗೆ ಸಿಗುತ್ತದೆ, ತೆಗೆದುಕೊಳ್ಳಿ. ಅದು ಬರೀ ಅಪಾಯಕ್ಕಲ್ಲ. ‘ಗಾಳಿಯಿದೆ, ನಾಳೆ ಬರುತ್ತೇವೆ’ ಅಂತ ಒಂದು ಸಾಲು ಬಂದರೆ ನಿನ್ನಪ್ಪ ಊಟ ಮಾಡುತ್ತಾನೆ, ನಿಮಗೂ ಅವಸರ ತಪ್ಪುತ್ತದೆ.

ಗುರುವಾರ ಸಂಜೆ ನಾಲ್ವರೂ ಇಲ್ಲಿಗೆ ಬನ್ನಿ. ಹೊಸ ದಾರಿಯನ್ನು ಎರಡು ಪ್ರತಿ ಬರೆಯಿರಿ, ಯಾವ ಸರೋವರ, ಯಾವ ರಾತ್ರಿ, ಕಾರು ನಿಲ್ಲಿಸುವ ಜಾಗ, ಕಾರಿನ ನಂಬರು, ಟೆಂಟಿನ ಬಣ್ಣ. ಒಂದು ಪ್ರತಿ ನನ್ನ ಫ್ರಿಜ್ಜಿನ ಮೇಲೆ ಅಂಟಿಸುತ್ತೇನೆ. ಸೋಮವಾರ ಸಂಜೆ ಆರರವರೆಗೆ ನಾನು ಯಾರಿಗೂ ಫೋನ್ ಮಾಡುವುದಿಲ್ಲ, ಆರು ದಾಟಿದರೆ ಪೊಲೀಸರಿಗೆ ಮಾಡುತ್ತೇನೆ. ಊರಿನ ಕಂಬಳಿ ಮಹಡಿಯ ಪೆಟ್ಟಿಗೆಯಲ್ಲಿದೆ, ತೆಗೆದು ಬಿಸಿಲಿಗೆ ಹಾಕಿರುತ್ತೇನೆ. ಅದನ್ನೂ ಒಯ್ಯಿ.