ಅಂಚೆಮನೆಯ ಒಡೆಯರು ಯಾರು?

ಅಂಚೆಮನೆಗಳೆಲ್ಲ ಸರಕಾರದ ಸ್ವಂತ ಕಟ್ಟಡಗಳೆಂದು ವಿದ್ಯಾರ್ಥಿಗಳು ತಿಳಿಯುವುದುಂಟು. ಹಾಗಲ್ಲ. ದೇಶದ ಒಂದೂವರೆ ಲಕ್ಷಕ್ಕೂ ಮಿಕ್ಕ ಅಂಚೆಮನೆಗಳಲ್ಲಿ ಹೆಚ್ಚಿನವು ಹಳ್ಳಿಗಳ ಶಾಖಾ ಕಚೇರಿಗಳು. ನಮ್ಮ ಉದ್ದನಪಲ್ಲಿಯ ಸುತ್ತಲಿನಂತಹ ಹಳ್ಳಿಗಳಲ್ಲಿ ಅದಕ್ಕೆ ಜಾಗ ಒದಗಿಸುವ ಹೊಣೆ ಶಾಖಾ ಪೋಸ್ಟ್‌ಮಾಸ್ತರರದೇ. ಅವರು ನಿವೃತ್ತರಾದರೆ ಅಂಚೆಮನೆಯೂ ಬೀದಿ ಬದಲಿಸುವುದುಂಟು. ಮನಿಯಾರ್ಡರಿಗೆ ಕಾದ ಅಜ್ಜಿ ಹೊಸ ಬಾಗಿಲು ಹುಡುಕಬೇಕು!

ಪಟ್ಟಣಗಳಲ್ಲಿ ಇಲಾಖೆಗೆ ಸ್ವಂತ ಕಟ್ಟಡ, ನಿವೇಶನಗಳುಂಟು. ಕಟ್ಟುವುದಕ್ಕೂ ದುರಸ್ತಿಗೂ ಅದರದೇ ಸಿವಿಲ್ ವಿಭಾಗವಿದೆ. ಬೆಂಗಳೂರಿನ ಮ್ಯೂಸಿಯಂ ರಸ್ತೆಯ ಅಂಚೆಮನೆ 1804ರ ಕಟ್ಟಡ. 1865ರಲ್ಲಿ ವಸ್ತುಸಂಗ್ರಹಾಲಯ ಮೊದಲಾದುದು ಅಲ್ಲಿಯೇ. ರಸ್ತೆಯ ಹೆಸರು ಅದರಿಂದಲೇ ಬಂತು. ಕೆಡವಿ ಹೊಸದು ಕಟ್ಟುವುದು ಸುಲಭವಾಗಿತ್ತು. ದುರಸ್ತಿಮಾಡಿ ಉಳಿಸಿಕೊಂಡುದು ಮೆಚ್ಚತಕ್ಕ ಕೆಲಸ. ಖಾಲಿ ನಿವೇಶನದ ಪಾಡು ಬೇರೆ. ಸುತ್ತುಗೋಡೆ ಇಲ್ಲದಿದ್ದರೆ ನೆರೆಯವರ ಬೇಲಿ ವರ್ಷಕ್ಕೊಂದು ಅಡಿ ಒಳಗೆ ಸರಿಯುತ್ತದೆ.