ಎರಡು ಪ್ರಶ್ನೆ, ಒಂದು ಟೇಪು: ಶಾಲೆ ಮಕ್ಕಳಿಗೆ ನೀರಿನ ಪಾಠ

‘ನೀರು ಉಳಿಸಿ’ ಅಂತ ಗೋಡೆ ಮೇಲೆ ಬರೆದರೆ ಮಕ್ಕಳು ಓದಿ ಮುಂದೆ ಹೋಗ್ತಾರೆ. ತಾವೇ ಅಳೆದು ನೋಡಿದ್ದನ್ನು ಮರೆಯಲ್ಲ. ಸೂರಗೊಂಡನಕೊಪ್ಪದ ಸುತ್ತಮುತ್ತ ನಾವು ಮೆಕ್ಕೆಜೋಳ ಬೆಳೆಯೋರು, ಮಳೆ ಮತ್ತು ಬೋರ್‌ವೆಲ್ ನಂಬಿದೋರು. ಹಾಗಾಗಿ ಶಾಲೆಗೆ ಹೋದಾಗ ನಾನು ಎರಡೇ ಪ್ರಶ್ನೆ ಕೇಳ್ತೀನಿ. ನೀವೂ ನಿಮ್ಮೂರಲ್ಲಿ ಒಂದು ಗಂಟೆ ಈ ಪಾಠ ಮಾಡಬಹುದು.

1. ನೀರು ಎಷ್ಟು ಸಿಗುತ್ತೆ?

ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಇಷ್ಟು ಹೇಳಿ ಟೇಪು ಮಕ್ಕಳ ಕೈಗೆ ಕೊಡಿ. 5 ಮೀಟರ್ ಉದ್ದ, 5 ಮೀಟರ್ ಅಗಲದ ಚಾವಣಿ ಅಂದ್ರೆ 25 ಚದರ ಮೀಟರ್. 20 ಮಿ.ಮೀ. ಮಳೆಗೆ 500 ಲೀಟರ್. ಐದರಲ್ಲಿ ಒಂದು ಪಾಲು ಹಾಳಾದರೂ 400 ಲೀಟರ್ ಉಳೀತು. ಐದು ಜನರ ಮನೆಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 25 ಲೀಟರ್ ಅಂತ ಹಿಡಿದರೆ 16 ದಿನದ ನೀರು! ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಶೋಧಿಸಿ ಕುದಿಸಿಯೇ ಕುಡಿಯಬೇಕು ಅನ್ನೋದನ್ನೂ ಹೇಳಿ.

2. ನೀರಲ್ಲಿ ಏನಿದೆ?

ಎರಡು ಲೋಟ ನೀರು ಇಡಿ. ಒಂದರಲ್ಲಿ ಮೊದಲೇ ಉಪ್ಪು ಕರಗಿಸಿರಿ. ಯಾವುದರಲ್ಲಿ ಉಪ್ಪಿದೆ ಅಂತ ನೋಡಿ ಹೇಳೋಕೆ ಆಗಲ್ಲ. ತಿಳಿಯಾಗಿರೋ ನೀರೆಲ್ಲ ಶುದ್ಧ ಅಲ್ಲ ಅನ್ನೋದು ಅಲ್ಲೇ ಅರ್ಥ ಆಗುತ್ತೆ.

ಜಗಳೂರು ಭಾಗದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಹೆಚ್ಚಾದರೆ ಬೆಳೆಯೋ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬರುತ್ತೆ, ವರ್ಷಗಟ್ಟಲೆ ಕುಡಿದರೆ ಮೂಳೆಗೂ ಪೆಟ್ಟು. ನೈಟ್ರೇಟ್ ಮಿತಿ 45 ಮಿ.ಗ್ರಾಂ. ಇದು ಹೆಚ್ಚಾದರೆ ಬಾಟಲಿ ಹಾಲು ಕುಡಿಯೋ ಹಸುಗೂಸಿಗೆ ಅಪಾಯ. ನಾವು ಹಾಕೋ ಯೂರಿಯಾದಲ್ಲಿ ಬೆಳೆ ಹೀರದೆ ಬಿಟ್ಟಿದ್ದು ನೈಟ್ರೇಟ್ ಆಗಿ ಮಣ್ಣಿನೊಳಗೆ ಇಳಿಯುತ್ತೆ.

“ಕುದಿಸಿದ್ರೆ ಹೋಗಲ್ವಾ ಅಣ್ಣ?” ಅಂತ ಒಬ್ಬರಾದರೂ ಕೇಳ್ತಾರೆ. ಇಲ್ಲ. ಕುದಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್, ನೈಟ್ರೇಟ್ ಹಾಗೇ ಉಳಿಯುತ್ತೆ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ.

ಮಕ್ಕಳು ಮನೆಗೆ ಹೋಗಿ “ನಮ್ಮ ಬೋರ್ ನೀರು ಟೆಸ್ಟ್ ಮಾಡಿಸಿದ್ದೀರಾ?” ಅಂತ ಕೇಳೋದು ಗ್ಯಾರಂಟಿ. ಉತ್ತರ ನಮ್ಮ ಹತ್ರ ಇರಬೇಕಲ್ವಾ? ಗ್ರಾಮ ಪಂಚಾಯ್ತಿಯಲ್ಲಿ ನೀರು ಪರೀಕ್ಷೆ ಬಗ್ಗೆ ವಿಚಾರಿಸಿ. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಮಾಡಿಸಿ, ವರದಿಯ ಫೋಟೋ ದಿನಾಂಕದ ಸಮೇತ ಮೊಬೈಲಲ್ಲಿ ಇಟ್ಟುಕೊಳ್ಳಿ. ಯೂರಿಯಾವನ್ನು ಮಣ್ಣು ಪರೀಕ್ಷೆ ನೋಡಿ, ಒಂದೇ ಸಲಕ್ಕೆ ಸುರಿಯದೆ ಕಂತಿನಲ್ಲಿ ಕೊಡಿ.