ಐದು ತಡೆಗಳ ಓಟ

ಓಟವು ಮನುಷ್ಯನಿಗೆ ಸಹಜವಾಗಿ ಒಲಿದ ವಿದ್ಯೆ. ನಡೆಯಲು ಕಲಿತ ಮಗು ಕೆಲವು ತಿಂಗಳುಗಳಲ್ಲಿ ಓಡಲು ತೊಡಗುತ್ತದೆ. ಆದರೆ ಓಡುವ ದಾರಿಯಲ್ಲಿ ಸೊಂಟದೆತ್ತರದ ತಡೆಗಳನ್ನು ನಿಲ್ಲಿಸಿ, ವೇಗವನ್ನು ಕಳೆದುಕೊಳ್ಳದೆ ಅವುಗಳನ್ನು ದಾಟಬೇಕೆಂದರೆ ಆ ಸಹಜ ವಿದ್ಯೆಯೊಂದೇ ಸಾಲದು. ಅದಕ್ಕೆ ಶಿಕ್ಷಣ ಬೇಕು, ಲೆಕ್ಕಾಚಾರ ಬೇಕು, ಎದೆಗಾರಿಕೆಯೂ ಬೇಕು. ಹರ್ಡಲ್ಸ್ ಎಂದು ಹೆಸರಾದ ಈ ಓಟದ ಚಿಕ್ಕದಾದರೂ ಬಲು ಬಿಗಿಯಾದ ರೂಪವೇ ಒಳಾಂಗಣದ 60 ಮೀಟರ್ ಹರ್ಡಲ್ಸ್.

ಯೂರೋಪು ಮತ್ತು ಉತ್ತರ ಅಮೆರಿಕದ ಅನೇಕ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಮೈದಾನಗಳು ಹಿಮದಿಂದ ಮುಚ್ಚಿಹೋಗುತ್ತವೆ. ಆಗ ಕ್ರೀಡಾಪಟುಗಳು ಚಾವಣಿಯಿರುವ ವಿಶಾಲವಾದ ಕ್ರೀಡಾಂಗಣಗಳನ್ನು ಆಶ್ರಯಿಸುತ್ತಾರೆ. ಹೊರಗಿನ ಮೈದಾನದ ಸುತ್ತುಪಥ 400 ಮೀಟರ್ ಉದ್ದವಿದ್ದರೆ ಇಲ್ಲಿಯದು 200 ಮೀಟರ್ ಮಾತ್ರ. ಮೈದಾನದಲ್ಲಿ ಪುರುಷರು 110 ಮೀಟರ್, ಮಹಿಳೆಯರು 100 ಮೀಟರ್ ಓಡಿ ಹತ್ತು ತಡೆಗಳನ್ನು ದಾಟುತ್ತಾರೆ. ಅಷ್ಟು ಉದ್ದದ ನೇರ ಪಥಕ್ಕೆ ಒಳಾಂಗಣದಲ್ಲಿ ಎಡೆಯಿಲ್ಲದ ಕಾರಣ ಓಟವನ್ನು 60 ಮೀಟರಿಗೂ ತಡೆಗಳನ್ನು ಐದಕ್ಕೂ ಇಳಿಸಲಾಗಿದೆ. ಗುರಿಗೆರೆಯ ಆಚೆ ಓಟವನ್ನು ನಿಲ್ಲಿಸಿಕೊಳ್ಳಲು ಸಹ ಸ್ಥಳ ಸಾಲದು. ಆದ್ದರಿಂದ ಅಲ್ಲಿ ದಪ್ಪನೆಯ ಮೆತ್ತೆಗಳನ್ನು ನಿಲ್ಲಿಸಿರುತ್ತಾರೆ.

ಪುರುಷರ ಓಟದಲ್ಲಿ ತಡೆಯ ಎತ್ತರ 106.7 ಸೆಂಟಿಮೀಟರ್. ಆರಂಭದ ಗೆರೆಯಿಂದ ಮೊದಲನೆಯ ತಡೆಗೆ 13.72 ಮೀಟರ್, ಒಂದು ತಡೆಯಿಂದ ಮತ್ತೊಂದಕ್ಕೆ 9.14 ಮೀಟರ್, ಕೊನೆಯ ತಡೆಯಿಂದ ಗುರಿಗೆ 9.72 ಮೀಟರ್ ದೂರ. ಈ ಅಂಕೆಗಳು ವಿಚಿತ್ರವಾಗಿ ತೋರಬಹುದು. ಈ ಓಟವು ರೂಪುಗೊಂಡ ಇಂಗ್ಲೆಂಡಿನಲ್ಲಿ ಅಡಿ ಮತ್ತು ಗಜಗಳ ಅಳತೆ ಬಳಕೆಯಲ್ಲಿತ್ತು. ಮೂರೂವರೆ ಅಡಿ, ಹದಿನೈದು ಗಜ, ಹತ್ತು ಗಜ ಎಂಬ ಅಂದಿನ ಅಳತೆಗಳೇ ಇಂದು ಮೀಟರಿನ ವೇಷ ತೊಟ್ಟು ನಿಂತಿವೆ. ಮಹಿಳೆಯರ ಓಟದಲ್ಲಿ ತಡೆಯ ಎತ್ತರ 83.8 ಸೆಂಟಿಮೀಟರ್; ತಡೆಗಳ ನಡುವಣ ಅಂತರ 8.5 ಮೀಟರ್.

ತಡೆಯನ್ನು ಹೆಚ್ಚು ಎತ್ತರಕ್ಕೆ ನೆಗೆದವನೇ ಜಾಣನೆಂದು ನೋಡುವವರು ಭಾವಿಸುವುದುಂಟು. ನಿಜಸ್ಥಿತಿ ಇದಕ್ಕೆ ವಿರುದ್ಧವಾದುದು. ಗಾಳಿಯಲ್ಲಿರುವಷ್ಟು ಹೊತ್ತು ಓಟಗಾರನಿಗೆ ನೆಲವನ್ನು ಒದ್ದು ಮುನ್ನುಗ್ಗುವ ಅವಕಾಶವಿಲ್ಲ. ಆದ್ದರಿಂದ ನುರಿತವನು ತಡೆಗೆ ಸುಮಾರು ಎರಡು ಮೀಟರ್ ಮೊದಲೇ ನೆಲ ಬಿಟ್ಟು, ಮುಂಗಾಲನ್ನು ನೇರವಾಗಿ ಚಾಚಿ, ಎದೆಯನ್ನು ಮುಂದಕ್ಕೆ ಬಾಗಿಸಿ, ಹಿಂಗಾಲನ್ನು ಪಕ್ಕಕ್ಕೆ ಮಡಿಸಿಕೊಂಡು, ತಡೆಯನ್ನು ಸವರಿದಂತೆ ದಾಟಿ ಬೇಗನೆ ನೆಲ ಮುಟ್ಟುತ್ತಾನೆ. ಅಲ್ಲಿಂದ ಮುಂದಿನ ನೆಗೆತದವರೆಗೆ ಪುರುಷರಿಗೆ ಉಳಿಯುವ ನೆಲ ಆರು ಮೀಟರಿಗೂ ಕಡಿಮೆ. ಅದನ್ನು ಮೂರೇ ಹೆಜ್ಜೆಗಳಲ್ಲಿ ಮುಗಿಸಬೇಕು. ನಾಲ್ಕು ಹೆಜ್ಜೆಯಾದರೆ ಮುಂಗಾಲು ಬದಲಾಗಿ ಲಯ ಕೆಡುತ್ತದೆ. ನೀಳಕಾಲಿನವರೂ ಇಲ್ಲಿ ಹೆಜ್ಜೆಯನ್ನು ಕಿರಿದುಗೊಳಿಸಿ ಚುರುಕಾಗಿಸಲೇಬೇಕು. ಬೇಕೆಂದೇ ಬೀಳಿಸದ ಹೊರತು ತಡೆ ಉರುಳಿದರೆ ದಂಡವಿಲ್ಲ. ಆದರೆ ತಾಗಿದ ಕಾಲಿನ ವೇಗ ಕುಂದುವುದೇ ದೊಡ್ಡ ದಂಡ.

ಶ್ರೇಷ್ಠ ಮಟ್ಟದ ಪುರುಷರು ಈ ಓಟವನ್ನು ಏಳೂವರೆ ಸೆಕೆಂಡುಗಳ ಆಸುಪಾಸಿನಲ್ಲಿ ಮುಗಿಸುತ್ತಾರೆ. ಹತ್ತು ತಡೆಗಳ ಓಟದಲ್ಲಿ ಆರಂಭದ ತಪ್ಪನ್ನು ಅಷ್ಟಿಷ್ಟು ತಿದ್ದಿಕೊಳ್ಳಬಹುದು; ಇಲ್ಲಿ ತಪ್ಪಿನ ಅರಿವಾಗುವಷ್ಟರಲ್ಲಿ ಗುರಿಯೇ ಬಂದಿರುತ್ತದೆ. 2008ರ ಮಾರ್ಚ್‌ನಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ವಿಶ್ವ ಒಳಾಂಗಣ ಕೂಟ ನಡೆಯಿತು. ಗೆಲ್ಲಬಲ್ಲವರ ಸಾಲಿನಲ್ಲಿದ್ದ ಕ್ಯೂಬಾದ ಡೈರಾನ್ ರೋಬ್ಲೆಸ್, ಪ್ರಾಥಮಿಕ ಸುತ್ತಿನಲ್ಲಿ ಯಾರೋ ಮೊದಲೇ ಓಡಿದ್ದರಿಂದ ಓಟವನ್ನು ಮತ್ತೆ ಆರಂಭಿಸುವರೆಂದು ಭ್ರಮಿಸಿ ಓಟವನ್ನು ನಿಲ್ಲಿಸಿಬಿಟ್ಟ. ಆದರೆ ಓಟ ಮುಂದುವರಿದಿತ್ತು. ಆತ ಕೂಟದಿಂದಲೇ ಹೊರಬಿದ್ದ. ಆ ಸೋಲಿನಿಂದ ಆತ ಕುಗ್ಗಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ 110 ಮೀಟರ್ ಹರ್ಡಲ್ಸ್‌ನಲ್ಲಿ 12.87 ಸೆಕೆಂಡುಗಳ ವಿಶ್ವದಾಖಲೆ ಸ್ಥಾಪಿಸಿ, ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನ ಸ್ವರ್ಣಪದಕವನ್ನು ಪಡೆದ.

ಕಾಲದ ಒಂದು ಕಣಕ್ಕೆ ಇಲ್ಲಿ ಎಷ್ಟು ಬೆಲೆಯೆಂಬುದಕ್ಕೆ ಮತ್ತೊಂದು ನಿದರ್ಶನವುಂಟು. ವೇಲ್ಸಿನ ಕಾಲಿನ್ ಜಾಕ್ಸನ್ 1994ರಲ್ಲಿ ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ಈ ದೂರವನ್ನು 7.30 ಸೆಕೆಂಡುಗಳಲ್ಲಿ ಓಡಿದ. ಆ ದಾಖಲೆ ಸುಮಾರು 27 ವರ್ಷ ಅಚಲವಾಗಿ ನಿಂತಿತು. 2021ರಲ್ಲಿ ಅಮೆರಿಕದ ಗ್ರಾಂಟ್ ಹಾಲೊವೇ ಅದನ್ನು ಮುರಿದಾಗ ಇಳಿದದ್ದು ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ! 2024ರಲ್ಲಿ ಆತನೇ ಅದನ್ನು 7.27ಕ್ಕೆ ತಂದ.

ಒಳಾಂಗಣದ ಓಟಕ್ಕೆ ಇನ್ನೊಂದು ವಿಶೇಷವಿದೆ. ಮೈದಾನದಲ್ಲಿ ಬೆನ್ನ ಹಿಂದಿನಿಂದ ಗಾಳಿಯು ಸೆಕೆಂಡಿಗೆ 2 ಮೀಟರಿಗಿಂತ ವೇಗವಾಗಿ ಬೀಸಿದರೆ ದಾಖಲೆಗೆ ಮಾನ್ಯತೆ ದೊರೆಯುವುದಿಲ್ಲ. ಒಳಾಂಗಣದಲ್ಲಿ ಗಾಳಿಯ ನೆರವೂ ಇಲ್ಲ, ನೆಪವೂ ಇಲ್ಲ. ಗಾಳಿಯ ಈ ಆಟವನ್ನು ಚೆನ್ನಾಗಿ ಬಲ್ಲವಳು ಭಾರತದ ಜ್ಯೋತಿ ಯರ್ರಾಜಿ. ವಿಶಾಖಪಟ್ಟಣದ ಕಾವಲುಗಾರರೊಬ್ಬರ ಮಗಳಾದ ಈಕೆ 2020ರ ಜನವರಿಯಲ್ಲಿ ದಕ್ಷಿಣ ಕನ್ನಡದ ಮೂಡುಬಿದಿರೆಯಲ್ಲಿ ನಡೆದ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ 100 ಮೀಟರ್ ಹರ್ಡಲ್ಸನ್ನು 13.03 ಸೆಕೆಂಡುಗಳಲ್ಲಿ ಓಡಿದಳು. ಅನುರಾಧಾ ಬಿಸ್ವಾಲ್ 2002ರಲ್ಲಿ ಸ್ಥಾಪಿಸಿದ್ದ ರಾಷ್ಟ್ರೀಯ ದಾಖಲೆ 13.38. ಆದರೂ ಉದ್ದೀಪನ ಮದ್ದಿನ ಪರೀಕ್ಷೆಯೇ ಮೊದಲಾದ ನಿಯಮಗಳು ಪೂರೈಸದ ಕಾರಣ ಆ ಸಾಧನೆಗೆ ಮನ್ನಣೆ ಸಿಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೋಳಿಕ್ಕೋಡಿನಲ್ಲಿ 13.09 ಸೆಕೆಂಡುಗಳಲ್ಲಿ ಓಡಿದಾಗ ಗಾಳಿಯ ವೇಗ 2.1 ಮೀಟರ್, ಮಿತಿಗಿಂತ ಹತ್ತನೆಯ ಒಂದು ಭಾಗ ಹೆಚ್ಚು! ಎರಡನೆಯ ಬಾರಿಯೂ ಕೈಗೆ ಬಂದ ದಾಖಲೆ ಜಾರಿತು. ಜ್ಯೋತಿ ಅಭ್ಯಾಸವನ್ನು ಬಿಡಲಿಲ್ಲ. ಮರುತಿಂಗಳೇ ಸೈಪ್ರಸ್ಸಿನ ಲಿಮಸಾಲ್‌ನಲ್ಲಿ 13.23 ಸೆಕೆಂಡುಗಳೊಡನೆ ರಾಷ್ಟ್ರೀಯ ದಾಖಲೆ ಆಕೆಯದಾಯಿತು. ಅದೇ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಅದು 12.82ಕ್ಕೆ ಇಳಿಯಿತು. ಮುಂದೆ ಏಷ್ಯಾದ ಒಳಾಂಗಣ ಕೂಟಗಳ 60 ಮೀಟರ್ ಹರ್ಡಲ್ಸ್‌ನಲ್ಲಿ, 2023ರಲ್ಲಿ ಅಸ್ತಾನಾದಲ್ಲಿ 8.13 ಸೆಕೆಂಡುಗಳೊಡನೆ ರಜತವನ್ನೂ, 2024ರಲ್ಲಿ ತೆಹರಾನಿನಲ್ಲಿ 8.12 ಸೆಕೆಂಡುಗಳೊಡನೆ ಸ್ವರ್ಣವನ್ನೂ ಗೆದ್ದಳು.

ಎಂಟು ಸೆಕೆಂಡುಗಳ ಈ ಓಟದಲ್ಲಿ ಆಲೋಚಿಸಲು ಬಿಡುವಿಲ್ಲ. ಆಲೋಚನೆಯೆಲ್ಲ ಅಭ್ಯಾಸದ ದಿನಗಳಲ್ಲಿಯೇ ಮುಗಿದಿರಬೇಕು. ಸ್ಪರ್ಧೆಯ ದಿನ ಕಾಲುಗಳು ತಾವೇ ಅದನ್ನು ನೆನಪಿಟ್ಟುಕೊಂಡು ನಡೆಸಬೇಕು. ತಡೆಯ ಎತ್ತರವನ್ನು ಓಟಗಾರ ತಗ್ಗಿಸಲಾರ, ಗಾಳಿಯನ್ನು ಆಳಲಾರ. ತನ್ನ ಹೆಜ್ಜೆಯನ್ನು ತಿದ್ದಿಕೊಳ್ಳುವುದು ಮಾತ್ರ ಆತನ ಕೈಯಲ್ಲಿದೆ. ಆ ಕೆಲಸವನ್ನು ದಿನದಿನವೂ ಮಾಡಿದವರಿಗೆ ಐದು ತಡೆಗಳು ದಾರಿಯ ಗುರುತುಗಳಾಗುತ್ತವೆ.

ಪದಗಳ ಅರ್ಥ

ಎಡೆ – ಸ್ಥಳ; ಲಯ – ಹೆಜ್ಜೆಯ ಹದವಾದ ಗತಿ; ಅಚಲ – ಕದಲದ; ಮಾನ್ಯತೆ – ಒಪ್ಪಿಗೆ, ಮನ್ನಣೆ

ಪ್ರಶ್ನೆಗಳು

1. ಒಳಾಂಗಣದಲ್ಲಿ ಹರ್ಡಲ್ಸ್ ಓಟವನ್ನು 60 ಮೀಟರಿಗೆ ಇಳಿಸಲು ಕಾರಣವೇನು?
2. ತಡೆಯನ್ನು ಎತ್ತರಕ್ಕೆ ನೆಗೆಯುವುದು ಜಾಣತನವಲ್ಲ, ಏಕೆ?
3. ಜ್ಯೋತಿ ಯರ್ರಾಜಿಯ ಎರಡು ಸಾಧನೆಗಳಿಗೆ ಮನ್ನಣೆ ಸಿಗದೆ ಹೋದ ಸಂದರ್ಭಗಳನ್ನು ವಿವರಿಸಿ.